ಎತ್ತರದ ಹೀಟ್‌ಸಿಂಕ್ ಇರುವ ರ‍್ಯಾಮ್ ಕೂರಿಸುವ ಕ್ರಮ

ರ‍್ಯಾಮ್ ಆರ್ಡರ್ ಮಾಡುವ ಮೊದಲೇ ಕ್ಯಾಬಿನೆಟ್ ಬಿಚ್ಚಿ, ಪ್ರೊಸೆಸರ್ ತಣಿಸುವ ಕೂಲರಿನ ಅಡಿಯಲ್ಲಿ ಎಷ್ಟು ಜಾಗವಿದೆಯೆಂದು ಸ್ಕೇಲ್ ಹಿಡಿದು ಅಳೆದುಕೊಳ್ಳಿ. ಕಾರವಾರಕ್ಕೋ ಶಿರಸಿಗೋ ಕೊರಿಯರ್‌ನಲ್ಲಿ ತರಿಸಿದ್ದನ್ನು ವಾಪಸ್ ಕಳಿಸುವುದು ದೊಡ್ಡ ರಗಳೆ.

ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಹೊದಿಕೆ) ಇಲ್ಲದ ಡೆಸ್ಕ್‌ಟಾಪ್ ರ‍್ಯಾಮ್ ಸ್ಟಿಕ್ ಸುಮಾರು 31 ಮಿ.ಮೀ. ಎತ್ತರ. ಜಿ.ಸ್ಕಿಲ್ ಟ್ರೈಡೆಂಟ್ ಝಡ್ 44 ಮಿ.ಮೀ., ಕೋರ್ಸೇರ್ ಡಾಮಿನೇಟರ್ ಪ್ಲಾಟಿನಂ ಸುಮಾರು 55. ಎರಡು ಫ್ಯಾನ್ ಹಾಕಿದ ನಾಕ್ಟುವಾ ಎನ್‌ಎಚ್-ಡಿ15 ಕೂಲರಿನ ಅಡಿಯಲ್ಲಿ ಸಿಗುವ ಜಾಗ ಬರೀ 32. ಮುಂದಿನ ಫ್ಯಾನನ್ನು 12 ಮಿ.ಮೀ. ಮೇಲಕ್ಕೆ ಸರಿಸಿದರೆ 44ರ ಸ್ಟಿಕ್ ಹಿಡಿಸುತ್ತದೆ. ಆದರೆ 165 ಇದ್ದ ಕೂಲರ್ ಎತ್ತರ 177 ಆಗಿ, ಎಷ್ಟೋ ಕ್ಯಾಬಿನೆಟ್‌ಗಳ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡದವರಿಗೆ ಗಿಡ್ಡ ಸ್ಟಿಕ್ಕೇ ಸಾಕು.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಇಳಿಸಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ. ಕೂಲರಿನ ಫ್ಯಾನ್ ಸ್ಲಾಟ್ ಮೇಲೆ ಚಾಚಿದ್ದರೆ ಮೊದಲು ಅದನ್ನು ತೆಗೆಯಿರಿ. ಎರಡು ಸ್ಟಿಕ್ ಇದ್ದರೆ, ನಾಲ್ಕು ಸ್ಲಾಟಿನ ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಮ್ಯಾನುಯಲ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಸ್ಟಿಕ್ಕಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಹೊಂದಬೇಕು. ಹೊಂದದಿದ್ದರೆ ತಿರುಗಿಸಿ ನೋಡಿ; ಆಗಲೂ ಕೂರದಿದ್ದರೆ ಒತ್ತಬೇಡಿ, ಡಿಡಿಆರ್4 ಬೋರ್ಡಿಗೆ ಮುಂದಿನ ತಲೆಮಾರಿನ ಡಿಡಿಆರ್5 ರ‍್ಯಾಮ್ ತಂದಿರಬಹುದು. ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತಿ. ಹೀಟ್‌ಸಿಂಕಿನ ನಡುವೆ ಒತ್ತುವುದಾಗಲಿ, ಅದನ್ನು ಹಿಡಿದು ಆಡಿಸುತ್ತ ಕೀಳುವುದಾಗಲಿ ಬೇಡವೇ ಬೇಡ: ಅದು ನಿಂತಿರುವುದು ಅಂಟುಪಟ್ಟಿಯ ಮೇಲೆ, ಕಿತ್ತು ಬಂದರೆ ಚಿಪ್ಪನ್ನೂ ಎಳೆದುಕೊಂಡು ಬರಬಹುದು. ಕೆಲವು ಬೋರ್ಡ್‌ಗಳಲ್ಲಿ ಲಾಚ್ (ಸ್ಟಿಕ್ ಹಿಡಿದಿಡುವ ಕೊಂಡಿ) ಒಂದೇ ಕಡೆ ಇರುತ್ತದೆ. ಅಲ್ಲಿ ಲಾಚ್ ಇಲ್ಲದ ತುದಿ ಅರ್ಧ ಕೂತು ಡಿಸ್ಪ್ಲೇ ಬಾರದಿರುವುದೇ ಹೆಚ್ಚು. ಹೊಂಬಣ್ಣದ ಪಿನ್ ಒಂದು ಕಡೆ ಹೆಚ್ಚು ಕಂಡರೆ ಮತ್ತೆ ಒತ್ತಿ.

ಕೂಲರಿನ ಫ್ಯಾನ್ ಮತ್ತೆ ಹಾಕುವಾಗ ಅದಕ್ಕೂ ರ‍್ಯಾಮ್ ಹೀಟ್‌ಸಿಂಕಿಗೂ ನಡುವೆ ಒಂದೆರಡು ಮಿ.ಮೀ. ಬಿಡಿ. ತಾಗಿದರೆ ಸ್ಟಿಕ್ ಓರೆಯಾಗಿ ಆಗಾಗ ಎರರ್ ಕೊಡುತ್ತದೆ. ಡಿಡಿಆರ್5 ಮೊದಲ ಸಲ ಆನ್ ಆಗಲು ಕೆಲವು ನಿಮಿಷ ಹಿಡಿದೀತು. ಕಪ್ಪು ಪರದೆ ನೋಡಿ ಹೆದರಿ ಆಫ್ ಮಾಡಬೇಡಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಯುಪಿಎಸ್‌ಗೆ ಹಾಕಿಯೇ ಈ ಕೆಲಸ ಮಾಡಿ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ರ‍್ಯಾಮ್‌ನ ಪೂರ್ಣ ವೇಗ ಕೊಡುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿದ ಮೇಲೆ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದು ಎರರ್ ಬಂದರೂ ವೇಗ ಇಳಿಸಿ.

ಕರಾವಳಿಯ ಉಪ್ಪುಗಾಳಿಗೆ ಎತ್ತರದ ರೆಕ್ಕೆಗಳ ಸಂದಿಯಲ್ಲಿ ಒದ್ದೆ ಧೂಳು ಕೂರುತ್ತದೆ. ಮಳೆಗಾಲ ಮುಗಿದೊಡನೆ ಸ್ಟಿಕ್ ಹೊರತೆಗೆದು ಮೆದು ಬ್ರಷ್‌ನಿಂದ ಉಜ್ಜಿ. ಪಿನ್‌ಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಮರಳುಕಾಗದ ತಾಗಿಸಿದರೆ ಚಿನ್ನದ ಲೇಪ ಹೋಗಿ ತುಕ್ಕಿಗೆ ದಾರಿಯಾಗುತ್ತದೆ.