ರೊಟ್ಟಿ ಹಂಚಿಗೂ ಟೇಬಲ್ಲಿಗೂ ನಡುವೆ

ನಾನು ನೋಡಿಕೊಳ್ಳುವ ಹುಬ್ಬಳ್ಳಿಯ ರೊಟ್ಟಿ ಊಟದ ಹೋಟೆಲಿನಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಒಂದೇ ಕಡೆ: ಅಡುಗೆಮನೆಯಿಂದ ತಟ್ಟೆ ಹೊರಬೀಳುವ ಕಟ್ಟೆಯ ಮುಂದೆ. ಐದು ಜನ ಸಪ್ಲಾಯರ್ ಒಮ್ಮೆಲೇ ಕೂಗಿದರೆ ರೊಟ್ಟಿ ಬೇಗ ಬೇಯುವುದಿಲ್ಲ, ಬಡಿಯುವವರ ಸಿಟ್ಟು ಏರುತ್ತದೆ. ಅದಕ್ಕೇ ಅಲ್ಲಿ ಒಬ್ಬ ಕ್ಯಾಪ್ಟನ್‌ನನ್ನು, ಅಂದರೆ ಸಪ್ಲಾಯರ್‌ಗಳ ಮುಂದಾಳನ್ನು, ನಿಲ್ಲಿಸಿದ್ದೇನೆ. ಉಳಿದವರು ಚೀಟಿ ಇಡುತ್ತಾರೆ, ಹೇಳುವವನು ಅವನೊಬ್ಬನೇ: "ಅಕ್ಕಾರ, ನಾಕನೇ ಟೇಬಲ್ಲಿಗೆ ಎರಡು ರೊಟ್ಟಿ ಬರ್ಲಿ."

ಮಧ್ಯಾಹ್ನದ ಊಟ 12:30ಕ್ಕೆ ಶುರು. 12 ಗಂಟೆಗೆ ಎಲ್ಲರೂ ನಿಂತುಕೊಂಡೇ ಹತ್ತು ನಿಮಿಷ ಮಾತಾಡುತ್ತೇವೆ. ಇವತ್ತಿನ ಪಲ್ಯ ಯಾವುದು, ಎಣಗಾಯಿ ಎಷ್ಟು ಜನಕ್ಕಾಗುತ್ತದೆ, ಯಾರಿಗೆ ಯಾವ ಟೇಬಲ್, ನಿನ್ನೆ ಬಂದ ಒಂದು ದೂರು. ದೂರಿಗೆ ಹೆಸರು ಅಂಟಿಸುವುದಿಲ್ಲ. ತಪ್ಪಿದವನ ಜೊತೆ ಮಾತು 3:30ರ ನಂತರ, ಬೇರೆಯವರಿಲ್ಲದಾಗ. ಮೊದಲು "ಏನಾತು ಹೇಳು ತಮ್ಮಾ" ಎಂದು ಕೇಳಿ, ಆಮೇಲೆ ನನ್ನ ಮಾತು. ಗಿರಾಕಿ ಮುಂದೆ ಬೈಸಿಕೊಂಡವನು ಮುಂದಿನ ತಪ್ಪನ್ನು ಮುಚ್ಚಿಡುತ್ತಾನೆ. ಇದಕ್ಕಿಂತ ದೊಡ್ಡ ನಷ್ಟ ಹೋಟೆಲಿಗೆ ಇನ್ನೊಂದಿಲ್ಲ.

ಹೊಸ ಹುಡುಗನಿಗೆ ಮೊದಲು ನೀರು ಮತ್ತು ಟೇಬಲ್ ಒರೆಸುವ ಕೆಲಸ, ನಂತರ ಹಳಬನ ಜೊತೆ ಎರಡು ಟೇಬಲ್, ಆಮೇಲೆ ಒಬ್ಬನೇ ನಾಲ್ಕು. ಕಲಿಸುವ ಹಳಬನ ಟೇಬಲ್ ಆ ದಿನಗಳಲ್ಲಿ ಕಡಿಮೆ ಮಾಡಲೇಬೇಕು. ಮೊದಲಿನಷ್ಟೇ ಹೊರೆ ಇಟ್ಟರೆ ಕಲಿಸಲು ಅವನಿಗೆ ಪುರುಸೊತ್ತಿರುವುದಿಲ್ಲ, ಹುಡುಗ ಗೋಡೆಗೆ ಆನಿಸಿ ನಿಂತಿರುತ್ತಾನೆ.

ಟಿಪ್ಸ್ ಒಂದೇ ಡಬ್ಬಿಗೆ. ವಾರಕ್ಕೊಮ್ಮೆ ಎಲ್ಲರೆದುರು ಎಣಿಸಿ, ಪಾತ್ರೆ ತೊಳೆಯುವವರಿಗೂ ಪಾಲು.

ರಜೆಯ ವಿಷಯ ಮಾತ್ರ ನಾಜೂಕಿನದು. ನಾಗರಪಂಚಮಿಗೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಹೋಗಲೇಬೇಕು. ತಡೆದರೆ ಹೇಳದೇ ಬಿಟ್ಟುಹೋಗುತ್ತಾರೆ, ಆಗ ಶ್ರಾವಣವಿಡೀ ಪರದಾಟ. ಒಂದು ತಿಂಗಳು ಮುಂಚೆ ಕೂಡಿಸಿ, ಎರಡು ತಂಡ ಮಾಡಿಕೊಳ್ಳಲು ಅವರಿಗೇ ಬಿಡುತ್ತೇನೆ. ಈ ಸಲ ಉಳಿದವರಿಗೆ ಮುಂದಿನ ಹಬ್ಬಕ್ಕೆ ಮೊದಲ ಹಕ್ಕು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವರೆದುರೇ ಬರೆಯುತ್ತೇನೆ. ಬಾಯಿಮಾತು ನಂಬಿ ಯಾರೂ ಹಬ್ಬ ಬಿಡುವುದಿಲ್ಲ. ಜನ ಕಡಿಮೆಯಿರುವ ಆ ದಿನಗಳಿಗೆ ಖಡಕ್ ರೊಟ್ಟಿ ಮೊದಲೇ ಬಡಿದು, ಪೂರ್ತಿ ಆರಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿಡಬೇಕು. ಬಿಸಿ ಆರುವ ಮೊದಲೇ ಮುಚ್ಚಿದರೆ ಮೆತ್ತಗಾಗಿ ಬೂಸಲು ಹಿಡಿಯುತ್ತದೆ.