ಅಕ್ಕಿ ಬೆಳೆಯದ ದ್ವೀಪ ಕಟ್ಟಿದ್ದು: ನನ್ನ ಅನುಭವ

ನನ್ನ ಕಾದಂಬರಿಯಲ್ಲಿ ಮೊದಲು 90 ದ್ವೀಪಗಳಿದ್ದವು. ಈಗ ಉಳಿದಿರುವುದು 5. ಎಲ್ಲ ಕಲ್ಪನೆಯವೇ, ಅವನ್ನು ಆಳುವ ಸಾಮ್ರಾಜ್ಯವೂ ಕಲ್ಪನೆಯದ್ದೇ, ಸಮುದ್ರದಾಚೆ ಎಲ್ಲೋ ದೂರದಲ್ಲಿದೆ. ಮೊದಲ ಎರಡು ವರ್ಷ ನಾನು ಮಾಡಿದ್ದು ಪೂರ್ತಿ ತಪ್ಪು ಕೆಲಸ. ಇಂಥದ್ದನ್ನು ಬರೆಯಲು ಹೊರಟ ಬೇರೆಯವರಿಗೆ ಆ ಎರಡು ವರ್ಷವಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಕ್ಷೆ ಬಿಡಿಸಿದೆ. ರಾಜವಂಶ, ಬಾವುಟ, ಹಡಗುಪಡೆ, ಮೂರು ಭಾಷೆಗಳ ಪದಪಟ್ಟಿ ಎಲ್ಲ ಆಯಿತು. ತೆರಿಗೆ ಚಿನ್ನದಲ್ಲಿ ಅಂತ ಇಟ್ಟಿದ್ದೆ. ಒಂದು ಸಂಜೆ ಕಾಸರಗೋಡಿನ ಕುಂಬಳೆಯ ನಮ್ಮ ಮನೆ ಜಗಲಿಯಲ್ಲಿ ಕೂತು ಮೊದಲ ಅಧ್ಯಾಯ ಅಮ್ಮನಿಗೆ ಓದಿದೆ. ಅಡಿಕೆ ಸುಲಿಯುತ್ತಾ ಪೂರ್ತಿ ಕೇಳಿದರು. ಆಮೇಲೆ, "ಅಲ್ಲ ಮಗಾ, ನೆಲ ಎಲ್ಲ ಬರೀ ಹೊಯ್ಗೆ ಅಂತ ಹೇಳ್ತಿ. ಇವರಿಗೆ ಊಟಕ್ಕೆ ಅಕ್ಕಿ ಎಲ್ಲಿಂದ ಬರುದು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಲಕ್ಷದ್ವೀಪದ ಹಳೆಯ ಕತೆಯಲ್ಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು 1780ರ ದಶಕದಲ್ಲಿ ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಅವುಗಳ ಆಡಳಿತ ನಡೆಯುತ್ತಿದ್ದದ್ದು ಮಂಗಳೂರಿನಿಂದ. ಅಂದರೆ ಅಮಿನಿಯೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಆ ಜಿಲ್ಲೆಯಿಂದ ಹೊರಬಂದದ್ದೂ ಒಂದೇ ದಿನ, 1956ರ ನವೆಂಬರ್ 1ರಂದು, ನಾವು ಕೇರಳಕ್ಕೆ, ಅವರು ಕೇಂದ್ರಾಡಳಿತಕ್ಕೆ. ಇದೇ ಊರಲ್ಲಿ ಹುಟ್ಟಿ ಬೆಳೆದರೂ ನನಗೆ ಇದು ಗೊತ್ತಿರಲಿಲ್ಲ.

ಆ ದ್ವೀಪಗಳಲ್ಲಿ ತೆಂಗು ಇತ್ತು, ಮೀನು ಇತ್ತು, ಭತ್ತ ಇರಲಿಲ್ಲ. ಹೆಂಗಸರು ತೆಂಗಿನ ನಾರಿನ ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದು ಸರ್ಕಾರಿ ಉಗ್ರಾಣಕ್ಕೆ ಒಪ್ಪಿಸಬೇಕಿತ್ತು, ಸರ್ಕಾರ ಹೇಳಿದ ದರಕ್ಕೆ ಅಕ್ಕಿ ತಗೊಂಡು ಹೋಗಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲಿಗಿಳಿಯುವ ಹಾಗಿಲ್ಲ. ಮಳೆ ಹಿಡಿಯುವ ಮೊದಲು ಅಕ್ಕಿ ಮನೆ ಸೇರಿರಬೇಕು.

ಇದನ್ನು ಓದಿದ ದಿನ ನನ್ನ ಕಾದಂಬರಿಯ ಚಿನ್ನವನ್ನೂ ಹಡಗುಪಡೆಯನ್ನೂ ಹೊಡೆದು ಹಾಕಿದೆ. ಈಗ ಐದೂ ದ್ವೀಪಕ್ಕೆ ಸೇರಿ ಆರು ಜನ ಸಿಪಾಯಿಗಳು ಅಷ್ಟೇ. ಒಂದು ಉಗ್ರಾಣ, ಒಂದು ತಕ್ಕಡಿ, ಒಂದು ಲೆಕ್ಕದ ಪುಸ್ತಕ ಇದೆ. ಅಕ್ಕಿ ಸಾಮ್ರಾಜ್ಯದ ಕೈಯಲ್ಲಿದ್ದರೆ ಜಾಸ್ತಿ ಸಿಪಾಯಿಗಳು ಯಾಕೆ ಬೇಕು? ಆದರೆ ನನ್ನ ಜನ ಲಕ್ಷದ್ವೀಪದವರಲ್ಲ. ಅವರ ದೇವರು, ಹೆಸರು, ಮಾತು ಎಲ್ಲ ಬೇರೆ. ಅಕ್ಕಿಗೂ ಹುರಿಗೂ ಇದ್ದ ಆ ಕೊಂಡಿಯನ್ನು ಮಾತ್ರ ತಗೊಂಡೆ. ಬದುಕಿರುವ ಜನರ ನಂಬಿಕೆಯನ್ನು ಎತ್ತಿಕೊಂಡು ಬಂದು ಸುಮ್ನೆ ಹೆಸರು ಬದಲಾಯಿಸುವುದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹುರಿಯ ಲೆಕ್ಕ ಬರೆಯಬೇಕಾದರೆ ಒಮ್ಮೆ ಹೊಸೆದು ನೋಡಬೇಕಲ್ವಾ? ತೋಟದ ಕೆರೆಯ ಮೂಲೆಯಲ್ಲಿ ತೆಂಗಿನ ಸಿಪ್ಪೆ ಹಾಕಿ, ಮೇಲೆ ಕಲ್ಲು ಹೇರಿ, ಆರು ತಿಂಗಳು ಬಿಟ್ಟೆ. ತೆಗೆದಾಗ ಕೊಳೆತ ಮೊಟ್ಟೆಯ ನಾತ. ತೊಳೆದು, ಕೋಲಿನಿಂದ ಬಡಿದು, ಹುಡಿ ಕೊಡವಿ ಒಣಗಿಸಿದೆ. ಆಚೆಮನೆಯ ಅಜ್ಜಿ ಹೊಸೆಯಲು ಕಲಿಸಿದರು. ನಾರಿನ ಎರಡು ಎಳೆಗಳನ್ನು ಅಂಗೈ ನಡುವೆ ಉರುಟಿಸುತ್ತಾ ಒಂದಕ್ಕೊಂದು ಸುತ್ತಬೇಕು, ಎಳೆ ಮುಗಿಯುವ ಮೊದಲೇ ಹೊಸ ನಾರು ಸೇರಿಸಬೇಕು. ನಾನು ಸೇರಿಸಿದಲ್ಲೆಲ್ಲ ತೋರವಾಗಿ ಗಂಟು ಬಿದ್ದ ಹಾಗಾಯಿತು. ಅಜ್ಜಿ ನನ್ನ ಹತ್ತಿರ ಮಾತಾಡುತ್ತಲೇ ಹೊಸೆಯುತ್ತಿದ್ದರು, ಕೈ ಕಡೆ ನೋಡುತ್ತಲೂ ಇರಲಿಲ್ಲ. ಒಂದು ಗಂಟೆಯಲ್ಲಿ ನನ್ನದು 7 ಮಾರು (ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು) ಆಯಿತು, ಅಂಗೈ ಕೆಂಪಾಗಿ ಉರಿಯುತ್ತಿತ್ತು.

ಅದನ್ನೇ ಅಜ್ಜಿ ಕೈ ಚಾಚಿ ಅಳೆದರು. ಅವರ ಲೆಕ್ಕಕ್ಕೆ 8 ಮಾರು ಬಂತು. ನನ್ನ ಕೈ ಉದ್ದ, ಅವರದ್ದು ಗಿಡ್ಡ, ಅಷ್ಟೇ.

ನನ್ನ ಪುಸ್ತಕದ ನಡುಭಾಗ ಹುಟ್ಟಿದ್ದು ಅಲ್ಲಿಂದ. ಆಚೆಯಿಂದ ಬಂದ ಅಧಿಕಾರಿ ಒಂದು ಹಿತ್ತಾಳೆ ಕೋಲು ತರುತ್ತಾನೆ. ಒಂದು ಮಾರು ಅಂದರೆ ಇನ್ನು ಇಷ್ಟು. ಅದು ಅಲ್ಲಿಯ ಯಾರೋ ಎತ್ತರದ ಗಂಡಸಿನ ಕೈ ಅಳತೆ. ದ್ವೀಪದ ಹೆಂಗಸರು ತಮ್ಮ ಕೈಯಲ್ಲಿ ಅಳೆದು ಕಟ್ಟಿದ 100 ಮಾರಿನ ಕಟ್ಟು ಕೋಲಿನ ಲೆಕ್ಕದಲ್ಲಿ 90ಕ್ಕೂ ಮುಟ್ಟುವುದಿಲ್ಲ. ಕಮ್ಮಿ ಬಿದ್ದದ್ದು ಪ್ರತಿ ಸಲ ಸಾಲದ ಖಾತೆಗೆ ಹೋಗುತ್ತದೆ. ಯಾರೂ ಹೊಡೆಯುವುದಿಲ್ಲ, ಯಾರೂ ಕಿರುಚುವುದಿಲ್ಲ. ಈ ಭಾಗ ಓದಿದಾಗ ಅಮ್ಮ ಅಡಿಕೆ ಸುಲಿಯುವುದನ್ನು ನಿಲ್ಲಿಸಿದರು. ಮೊದಲು ಬರೆದಿದ್ದ ಯುದ್ಧದ ಅಧ್ಯಾಯಕ್ಕೆ ಹಾಗೆ ಆಗಿರಲಿಲ್ಲ.

ಸಾಮ್ರಾಜ್ಯಕ್ಕೆ ಉದ್ದುದ್ದ ಹೆಸರು ಇಟ್ಟಿದ್ದೆ, ಅದನ್ನೂ ತೆಗೆದೆ. ದ್ವೀಪದವರು ಬರೀ "ಆಚೆಯವರು" ಅನ್ನುತ್ತಾರೆ. ಆಚೆಯವರ ಕಾಗದ ಓದಲು ಬರುವುದು ಒಬ್ಬನಿಗೆ ಮಾತ್ರ, ಲೆಕ್ಕ ಬರೆಯುವ ಕಾರಣಿಗೆ. ಇದನ್ನು ನಾನು ಎಲ್ಲಿಂದಲೂ ಓದಿ ತಂದದ್ದಲ್ಲ. ನಾನು ಸಣ್ಣವನಿದ್ದಾಗ ಜಾಗದ ವಿಷಯಕ್ಕೆ ಒಂದು ಕಚೇರಿಯಿಂದ ನೋಟೀಸು ಬಂದಿತ್ತು, ಮಲಯಾಳದಲ್ಲಿ. ನನ್ನ ಅಜ್ಜಿಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಕೈ ಹಿಡಿದುಕೊಂಡು ಮೂರು ಮನೆ ಅಲೆದರು. ಕೊನೆಗೆ ಓದಿ ಹೇಳಿದ್ದು ಮಲಯಾಳ ಮನೆಮಾತಿನ ಒಬ್ಬರು ಟೈಲರ್, ಹೊಲಿಗೆ ನಿಲ್ಲಿಸಿ ಎರಡೆರಡು ಸಲ ತಾಳ್ಮೆಯಿಂದ ವಿವರಿಸಿದರು. ನಮ್ಮ ಊರನ್ನು ಆ ದ್ವೀಪಕ್ಕೆ ಹೋಲಿಸುತ್ತಿಲ್ಲ, ಇಲ್ಲಿ ನೆರೆಕರೆಯವರು ಒಬ್ಬರಿಗೊಬ್ಬರು ಆಗುವವರು. ಆದರೆ ತನ್ನ ಮನೆಯದ್ದೇ ಸುದ್ದಿಗೆ ಬೇರೆಯವರ ಬಾಯಿ ನೋಡುತ್ತಾ ನಿಂತ ಅಜ್ಜಿಯ ಮುಖ ನನಗೆ ಮರೆತಿಲ್ಲ. ಕಾರಣಿಯ ಎದುರು ನಿಲ್ಲುವ ಪ್ರತಿಯೊಬ್ಬರಿಗೂ ಆ ಮುಖವನ್ನೇ ಕೊಟ್ಟಿದ್ದೇನೆ.

ಈಗ ಸಿಕ್ಕಿಹಾಕಿಕೊಂಡಿರುವುದು ಆ ಕಾರಣಿಯ ಹತ್ತಿರವೇ. ಅವನೂ ದ್ವೀಪದವನು, ಅವನ ಅಮ್ಮನೂ ಹುರಿ ಹೊಸೆಯುವವಳು. ಒಂದು ರಾತ್ರಿ ಅವನು ಕೋಲನ್ನು ಅರದಿಂದ ಉಜ್ಜಿ ಗಿಡ್ಡ ಮಾಡಲು ಕೂರುತ್ತಾನೆ. ಎಷ್ಟು ಉಜ್ಜಿದರೆ ಯಾರಿಗೂ ಗೊತ್ತಾಗುವುದಿಲ್ಲ? ಆ ಪುಟವನ್ನು ನಾಲ್ಕು ಸಲ ಬರೆದಿದ್ದೇನೆ. ಮೊನ್ನೆ ಪೇಟೆಯಿಂದ ಒಂದು ಹಿತ್ತಾಳೆ ಸರಳು ಮತ್ತು ಅರ ತಂದಿದ್ದೇನೆ, ಒಂದು ಗಂಟೆ ಉಜ್ಜಿದರೆ ಎಷ್ಟು ಸವೆಯುತ್ತದೆ ಅಂತ ನೋಡಬೇಕು.