ಹಳೆಯ ಹರ್ಬೇರಿಯಂ ಎಲೆಯಲ್ಲಿ ಪತ್ರರಂಧ್ರ ಎಣಿಸುವ ಪ್ರಾಕ್ಟಿಕಲ್

ಬಿಎಸ್‌ಸಿ ಬಾಟನಿ ಲ್ಯಾಬುಗಳಲ್ಲಿ ಹರ್ಬೇರಿಯಂ ಶೀಟುಗಳು (ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳು) ಬೀರುವಿನಿಂದ ಈಚೆ ಬರುವುದು ಹೆಚ್ಚಾಗಿ ಪರೀಕ್ಷೆಯ ಸ್ಪಾಟರ್‌ಗಳಾಗಿ. ಹೆಸರು, ಕುಟುಂಬ ಬರೆದರೆ ಅವುಗಳ ಕೆಲಸ ಮುಗಿಯಿತು. ನಾನು ಅವನ್ನು ಅಳತೆಯ ಪಾಠಕ್ಕೆ ಬಳಸುತ್ತೇನೆ. 1987ರಲ್ಲಿ ಸಸ್ಯವಿಜ್ಞಾನಿ ಎಫ್. ಐ. ವುಡ್‌ವರ್ಡ್ ಕೇಂಬ್ರಿಜ್‌ನ ಹರ್ಬೇರಿಯಂ ಎಲೆಗಳನ್ನು ಪರೀಕ್ಷಿಸಿ, ಇನ್ನೂರು ವರ್ಷಗಳಲ್ಲಿ ಪತ್ರರಂಧ್ರಗಳ (ಎಲೆ ಗಾಳಿಯಾಡುವ ಸೂಕ್ಷ್ಮ ರಂಧ್ರಗಳ) ಸಾಂದ್ರತೆ ಸುಮಾರು ಶೇ. 40ರಷ್ಟು ಇಳಿದಿದೆ ಎಂದು ತೋರಿಸಿದ್ದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರ ಜೊತೆಗೆ ಅದನ್ನು ಹೊಂದಿಸಿದ್ದರು. ಅದೇ ವಿಧಾನದ ಚಿಕ್ಕ ರೂಪ ಇದು.

ನಮ್ಮ ಕಡೆಗೆ ಹೊಂಗೆ ಒಳ್ಳೆಯದು: ಎಲೆ ನುಣುಪು, ಎಲ್ಲೆಡೆ ಸಿಗುತ್ತದೆ, ಎಣಿಸಲು ಬೇಕಾದ ಎಲೆಮೈಯ ಅಚ್ಚನ್ನು (ನೇಲ್ ಪಾಲಿಶ್ ಪದರದಲ್ಲಿ ಮೂಡುವ ಗುರುತನ್ನು) ತಳಬದಿಯಿಂದ ತೆಗೆಯಬೇಕು. ತೇಗ, ಲಂಟಾನ ಬೇಡ. ಅಚ್ಚಿನ ತುಂಬ ರೋಮಗಳೇ ಕಾಣುತ್ತವೆ.

ಶೀಟಿಗೆ ಅಂಟಿಸಿದ ಎಲೆಯನ್ನು ಮುಟ್ಟಬಾರದು. ಮೂಲೆಯ ಲಕೋಟೆಯಲ್ಲಿ ಉದುರಿದ ಎಲೆಗಳಿದ್ದರೆ ಅದರಲ್ಲೊಂದು ಚೂರು ಸಾಕು. ಒಣ ಎಲೆ ಟೇಪಿನ ಜೊತೆ ಪುಡಿಯಾಗಿ ಬರುವುದರಿಂದ, ಮೊದಲು ಚೂರನ್ನು ಎರಡು ಬದಿಯೂ ಅಂಟುವ ಟೇಪಿನಿಂದ ರಟ್ಟಿಗೆ ಕೂರಿಸುತ್ತೇವೆ, ತಳಬದಿ ಮೇಲಾಗಿ. ಬಣ್ಣವಿಲ್ಲದ ನೇಲ್ ಪಾಲಿಶ್ ಅನ್ನು ನಡುನರ ಬಿಟ್ಟು ತೆಳ್ಳಗೆ ಬಳಿದು 15 ನಿಮಿಷ ಒಣಗಲು ಬಿಡಬೇಕು. ಮೇಲೆ ಸೆಲೋಟೇಪ್ ಒತ್ತಿ, ಮೆಲ್ಲಗೆ ಎತ್ತಿ ಸ್ಲೈಡಿಗೆ ಅಂಟಿಸಿದರಾಯಿತು. ದಪ್ಪಗೆ ಬಳಿದರೆ ಗುಳ್ಳೆ ಏಳುತ್ತದೆ. ಅರೆ ಒಣಗಿದ್ದಾಗ ಎತ್ತಿದರೆ ಅಚ್ಚು ಎಳೆದುಕೊಂಡು ರಂಧ್ರಗಳೆಲ್ಲ ಉದ್ದುದ್ದ ಕಾಣುತ್ತವೆ.

ಹಿಂದೆ ಹುಳು ಹಿಡಿಯದಿರಲೆಂದು ಗಿಡಗಳನ್ನು ವಿಷಕಾರಿ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಿದ್ದರು. ಹಾಗಾಗಿ ಹಳೆಯ ಶೀಟಿಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ, ಕಿಟಕಿ ತೆರೆದಿರಬೇಕು, ಟೇಬಲ್ ಮೇಲೆ ತಿಂಡಿ ಡಬ್ಬಿ ಕೂಡದು.

ಸೂಕ್ಷ್ಮದರ್ಶಕದ ಐಪೀಸ್ (ಕಣ್ಣಿಡುವ ಮಸೂರ) ಮೇಲೆ ಫೀಲ್ಡ್ ನಂಬರ್ (ಕಾಣುವ ವೃತ್ತದ ಅಳತೆ, ಮಿ.ಮೀ.ಗಳಲ್ಲಿ) 18 ಎಂದಿದ್ದರೆ, 40ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಕಾಣುವ ವೃತ್ತದ ವ್ಯಾಸ 18 ÷ 40 = 0.45 ಮಿ.ಮೀ., ವಿಸ್ತೀರ್ಣ 0.159 ಚ.ಮಿ.ಮೀ. ಅದರಲ್ಲಿ 30 ರಂಧ್ರ ಸಿಕ್ಕರೆ ಚದರ ಮಿ.ಮೀ.ಗೆ ಸುಮಾರು 189. ಅಂಚಿನಲ್ಲಿ ಕತ್ತರಿಸಿದಂತೆ ಕಾಣುವವನ್ನು ಎಡ ಅರ್ಧದಲ್ಲಿ ಮಾತ್ರ ಎಣಿಸಿ. ಐದು ಕಡೆ ನೋಡಿ ಸರಾಸರಿ ತೆಗೆಯಿರಿ.

ಎಡವಟ್ಟಾಗುವುದು ಇದಾದ ಮೇಲೆ. ಹಳೆಯ ಎಲೆಯನ್ನು ಅಂಗಳದ ಹಸಿ ಎಲೆಯೊಂದಿಗೆ ಹೋಲಿಸಿ, ಹಳೆಯದರಲ್ಲಿ ರಂಧ್ರ ಹೆಚ್ಚಿದೆ ಎಂದು ಹುಡುಗರು ಖುಷಿಯಾಗಿ ಹವಾಮಾನ ಬದಲಾವಣೆಯ ಮೇಲೆ ಪುಟ ತುಂಬಿಸುತ್ತಾರೆ. ಒಣಗಿದ ಎಲೆ ಕುಗ್ಗಿರುತ್ತದೆ, ಅಷ್ಟಕ್ಕೇ ಸಾಂದ್ರತೆ ಏರುತ್ತದೆ. ಇಂದಿನ ಎಲೆಯನ್ನೂ ದಿನಾ ಪೇಪರ್ ಬದಲಿಸುತ್ತಾ ಒಂದು ವಾರ ಗಿಡ ಒತ್ತಿ ಒಣಗಿಸುವ ಪ್ರೆಸ್‌ನಲ್ಲಿಟ್ಟ ಮೇಲೆಯೇ ಎಣಿಸಬೇಕು. ಬಿಸಿಲಿನ ಕೊಂಬೆಯ ಎಲೆಯಲ್ಲಿ ನೆರಳಿನದಕ್ಕಿಂತ ರಂಧ್ರ ಹೆಚ್ಚು; ಯಾವ ಕೊಂಬೆ ಎಂದು ಲೇಬಲ್ ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೇ ಒಂದೇ ಮರದ ಬಿಸಿಲು, ನೆರಳು ಎರಡೂ ಎಲೆಗಳನ್ನು ಮೊದಲು ಎಣಿಸಲು ಹೇಳುತ್ತೇನೆ. ಆ ವ್ಯತ್ಯಾಸದ ಪಕ್ಕದಲ್ಲಿ ಇಸವಿಯ ವ್ಯತ್ಯಾಸ ಎಷ್ಟು ಚಿಕ್ಕದು ಎಂದು ಅವರಿಗೇ ಕಾಣುತ್ತದೆ.

ಕ್ಲಾಸ್ ಮುಗಿದ ಮೇಲೆ ಶೀಟುಗಳನ್ನು ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡುತ್ತೇವೆ, ಸಿಗರೇಟ್ ಜೀರುಂಡೆ ಬೀರು ಸೇರದಿರಲಿ ಎಂದು. ಹೊರಗೆ ತೆಗೆದ ಮೇಲೂ ಚೀಲ ಕೋಣೆಯ ಉಷ್ಣತೆಗೆ ಬರುವ ತನಕ ಬಿಚ್ಚುವಂತಿಲ್ಲ. ಬಿಚ್ಚಿದರೆ ಶೀಟಿನ ಮೇಲೆ ನೀರು ಕಟ್ಟಿ ಬೂಸ್ಟು ಹಿಡಿಯುತ್ತದೆ.